ಒಂಟಿ ಹಿರಿಯರ ಬೇಸಿಗೆ ಪ್ರವಾಸ: ಈ ಯೋಚನೆ ಬೆಳೆದಿದ್ದು ಹೇಗೆ?

ಒಬ್ಬರೇ ಇರೋ ವಯಸ್ಸಾದವರನ್ನ ಬೇಸಿಗೇಲಿ ಹಳ್ಳಿ ಕಡೆ ನಾಲ್ಕು ದಿನ ಕರ್ಕೊಂಡು ಹೋಗೋದು ಕೆಲವರ ಕಣ್ಣಿಗೆ ಸೇವೆ, ಕೆಲವರಿಗೆ ಟೂರಿಸಂ, ಇನ್ನು ಕೆಲವರಿಗೆ ಆರೋಗ್ಯ ಇಲಾಖೆಯ ಕೆಲಸ. ಮೂರೂ ಒಂದಕ್ಕೊಂದು ಸಿಕ್ಕಾಕೊಂಡು, ದುಡ್ಡು ಯಾರು ಹಾಕ್ಬೇಕು, ಯಾರನ್ನ ಕರ್ಕೊಂಡು ಹೋಗ್ಬೇಕು ಅನ್ನೋದೇ ಗೋಜಲಾಗಿದೆ.

ಯುರೋಪಲ್ಲಿ ಹಳ್ಳಿ ಗಾಳಿ ಮೊದಲು ಸಿಕ್ಕಿದ್ದು ಮಕ್ಕಳಿಗೆ. ಲಂಡನ್ನಿನ ಬಡ ಮಕ್ಕಳನ್ನ ಹಳ್ಳಿಗೆ ಕಳಿಸೋಕೆ 1884ರಲ್ಲೇ ಒಂದು ಫಂಡ್ ಇತ್ತು, 1936ರಲ್ಲಿ ಫ್ರಾನ್ಸಿನ ಕೆಲಸಗಾರರಿಗೆ ಎರಡು ವಾರ ಸಂಬಳದ ರಜೆ ಸಿಕ್ತು, ಮುದುಕರ ಸರದಿ ಬರೋಕೆ ಮಹಾಯುದ್ಧ ಮುಗೀಬೇಕಾಯ್ತು. 1946ರಲ್ಲಿ ಪ್ಯಾರಿಸ್‌ನಲ್ಲಿ ಅರ್ಮಾನ್ ಮಾರ್ಕಿಸೆ ಅನ್ನೋರು 'ಪೆಟಿ ಫ್ರೇರ್ ದೆ ಪೋವ್ರ್' ಕಟ್ಟಿದ್ರು, ಅಂದ್ರೆ ಬಡವರ ಪುಟ್ಟ ತಮ್ಮಂದಿರು. 'ರೊಟ್ಟಿಗಿಂತ ಮೊದಲು ಹೂವು' ಅನ್ನೋದು ಅವರ ಮಾತು. ಹೊಟ್ಟೆ ತುಂಬಿದ್ರೆ ಸಾಕು ಅಂತ ವಯಸ್ಸಾದವರ ಬಗ್ಗೆ ನಾವೇ ತೀರ್ಮಾನ ಮಾಡ್ಬಿಡ್ತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನಂಗಂತೂ ಕಂಡಿಲ್ಲ. ಊಟದ ಜೊತೆ ಹೂವು, ಹಬ್ಬ, ಆಮೇಲೆ ಹಳ್ಳಿ ಮನೇಲಿ ರಜೆ, ಎಲ್ಲಾ ಅದೇ ದಾರೀಲಿ ಬಂದಿದ್ದು. 1965ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ ಈಗ 'ರೀ-ಎಂಗೇಜ್' ಅನ್ನಿಸ್ಕೊಂಡಿರೋ ಸಂಸ್ಥೆ ಇನ್ನೂ ಸಣ್ಣದಾಗಿ ಯೋಚಿಸ್ತು: ತಿಂಗಳಿಗೊಂದು ಭಾನುವಾರ ಯಾರದೋ ಮನೇಲಿ ಟೀ, ಕರ್ಕೊಂಡು ಹೋಗಿ ವಾಪಸ್ ಬಿಡೋಕೆ ಕಾರು.

1985ರಲ್ಲಿ ಸ್ಪೇನ್ ಸರ್ಕಾರ ಪಿಂಚಣಿದಾರರಿಗೆ ಕಡಿಮೆ ದುಡ್ಡಿನ ಪ್ರವಾಸ ಶುರು ಮಾಡ್ತು, ಸೀಸನ್ ಇಲ್ಲದಾಗ ಖಾಲಿ ಬೀಳೋ ಹೋಟೆಲ್‌ಗಳೂ ನಡೆದ್ವು. ಒಳ್ಳೆ ಉಪಾಯಾನೇ. ಆದ್ರೆ ಅರ್ಜಿ ಹಾಕಿ ಬಸ್ ಹತ್ತಬಲ್ಲವರೇ ಎಲ್ಲಾರೂ ಅಲ್ಲ.

ಅದು ಕಣ್ಣಿಗೆ ರಾಚಿದ್ದು 2003ರ ಆಗಸ್ಟಲ್ಲಿ. ಫ್ರಾನ್ಸಿನಲ್ಲಿ ಬಿಸಿಲ ಝಳಕ್ಕೆ ಹತ್ತತ್ರ 15,000 ಜನ ತೀರ್ಕೊಂಡ್ರು, ಬಹುಪಾಲು ವಯಸ್ಸಾದವರೇ. ಆಗಸ್ಟ್ ಅಂದ್ರೆ ಅಲ್ಲಿ ಊರಿಗೆ ಊರೇ ರಜೆಗೆ ಹೋಗೋ ತಿಂಗಳು, ಮಕ್ಕಳು ಇಲ್ಲ, ಪಕ್ಕದ ಮನೆಯವರು ಇಲ್ಲ, ದಿನಾ ನೋಡೋ ಡಾಕ್ಟರೂ ಎಷ್ಟೋ ಕಡೆ ಇಲ್ಲ, ಮೇಲಿನ ಮಹಡಿಯ ಕಾದ ರೂಮಲ್ಲಿ ವಯಸ್ಸಾದವರು ಒಬ್ಬರೇ ಉಳ್ಕೊಂಡ್ರು. ಸೆಪ್ಟೆಂಬರ್ 3ಕ್ಕೆ ಪ್ಯಾರಿಸ್ ಪಕ್ಕದ ತಿಯೇ ಸ್ಮಶಾನದಲ್ಲಿ, ಯಾರೂ ಕೇಳ್ಕೊಂಡು ಬರದ 57 ಜನರನ್ನ ಮಣ್ಣು ಮಾಡಿದ್ರು, ಅಧ್ಯಕ್ಷ ಶಿರಾಕ್ ಬಂದು ನಿಂತಿದ್ರು. ಆ ಸಂಖ್ಯೆ ಮುಂದೆ ನಂಗೆ ಮಾತು ಹೊರಡಲ್ಲ.

ಮಾರನೇ ವರ್ಷ ಕಾನೂನು ಬಂತು, ಒಂಟಿ ಹಿರಿಯರ ಪಟ್ಟಿ ಇಟ್ಕೊಂಡು ಬಿಸಿಲು ಏರಿದಾಗ ಅವರನ್ನ ಸಂಪರ್ಕಿಸೋಕೆ ಪ್ರತಿ ಊರಿನ ಮೇಯರ್‌ಗೆ ಹೊಣೆ. ಆದ್ರೆ ಪಟ್ಟಿಗೆ ಹೆಸರು ಕೊಡೋದು ಅವರವರ ಇಷ್ಟ, ಹೀಗಾಗಿ ಯಾರ ಸಂಪರ್ಕವೂ ಇಲ್ಲದವರೇ ಹೊರಗೆ ಉಳೀಬಹುದು. 2007ರಲ್ಲಿ ಕಡಿಮೆ ಆದಾಯದ ಹಿರಿಯರಿಗೆ ರಜೆಯ ಸಬ್ಸಿಡಿ ಯೋಜನೆಯೂ ಬಂತು. ಅಲ್ಲೂ ಅದೇ ಕಥೆ, ಮೊದಲ ಹೆಜ್ಜೆ ಅವರೇ ಇಡ್ಬೇಕು.

ವರ್ಷಗಟ್ಟಲೆ ಯಾರ ಜೊತೇನೂ ಊಟ ಮಾಡದವರು ಪಾಂಪ್ಲೆಟ್ ನೋಡಿ ಹೊರಡಲ್ಲ. ಮೊದಲು ಒಬ್ಬರು ಮನೆಗೆ ಹೋಗ್ಬೇಕು, ಎರಡನೇ ಸಲ, ಮೂರನೇ ಸಲ. ಆಮೇಲೆ ಒಳಗಿನ ಭಯ ಹೊರಗೆ ಬರುತ್ತೆ: ರಾತ್ರಿ ಎದ್ರೆ ಬಾತ್‌ರೂಮ್ ಎಷ್ಟು ದೂರ, ಕಿವಿ ಮೆಷಿನ್ ಬ್ಯಾಟರಿ ಹೋದ್ರೆ, ಬೆಕ್ಕಿಗೆ ಹಾಲು ಯಾರು ಹಾಕ್ತಾರೆ. ಬೆಕ್ಕಿಗೊಂದು ದಾರಿ ಆಗೋವರೆಗೂ 'ಮುಂದಿನ ವರ್ಷ ನೋಡೋಣ' ಅಂತಾನೇ ಇರ್ತಾರೆ. ಈ ಓಡಾಟಕ್ಕೆ ಯೋಜನೆಗಳ ಲೆಕ್ಕದಲ್ಲಿ ಕಾಲಂ ಸಿಗೋದು ಕಷ್ಟ, ಬಸ್ಸಲ್ಲಿ ಕೂತವರ ತಲೆ ಎಣಿಸೋದು ಸುಲಭ.

ಹೋಗಿ ಬಂದ ಮೇಲಿನ ವಾರ ಇನ್ನೂ ಕಷ್ಟ. ಹತ್ತು ಜನರ ಗದ್ದಲದಿಂದ ಬಂದು ಬಾಗಿಲು ತೆಗೆದ್ರೆ ಅದೇ ನಿಶ್ಶಬ್ದ. ಅನುಭವ ಇರೋ ಸ್ವಯಂಸೇವಕರು ಅದಕ್ಕೇ ಬಾಗಿಲಲ್ಲೇ ಬ್ಯಾಗ್ ಇಟ್ಟು ಓಡಲ್ಲ. ಒಳಗೆ ಹೋಗಿ ಕಿಟಕಿ ತೆಗೀತಾರೆ, ಮಾತ್ರೆ ಡಬ್ಬಿ ಅದರ ಜಾಗದಲ್ಲಿಡ್ತಾರೆ, ಮತ್ತೆ ಬರೋ ದಿನಾನ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದು ಹೊರಡ್ತಾರೆ.