ಡಿಕ್ಲರೇಶನ್: ನಮ್ಮ ಕರಾವಳಿಯಲ್ಲಿ ಈ ಪದದ ಅರ್ಥ

ಬ್ರಹ್ಮಾವರ, ಕಾರ್ಕಳ, ಬಂಟ್ವಾಳ ಕಡೆ ಯಾರ ಹತ್ತಿರವಾದರೂ ಜಾಗದ ವಿಷಯ ಮಾತಾಡಿ ನೋಡಿ. ಸ್ವಲ್ಪ ಹೊತ್ತಿಗೇ "ಅದು ಡಿಕ್ಲರೇಶನ್‌ನಲ್ಲಿ ಬಂದದ್ದು" ಎಂದೋ, "ಡಿಕ್ಲರೇಶನ್‌ನಲ್ಲಿ ಹೋಯಿತು" ಎಂದೋ ಒಂದು ಮಾತು ಬರುತ್ತದೆ. ಬಂದದ್ದು ಎಂದರೆ ಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲಿನ ಮನೆ. ಹೋದದ್ದು ಎಂದರೆ ಜಾಗದ ಒಡೆಯರಾದ ಧನಿಗಳ ಮನೆ. ಬೇರೆ ಏನೂ ಕೇಳಬೇಕಾಗಿಲ್ಲ.

ಬೇರೆ ಊರಿನವರಿಗೆ ಡಿಕ್ಲರೇಶನ್ ಅಂದರೆ ಬರೀ ಒಂದು ಹೇಳಿಕೆ. ನಮ್ಮಲ್ಲಿ ಹಾಗಲ್ಲ. "ಈ ಗದ್ದೆ ಗೇಣಿಗೆ ಹಿಡಿದು ಸಾಗುವಳಿ ಮಾಡುವವನು ನಾನು, ಇದು ನನ್ನ ಹೆಸರಿಗೆ ಆಗಬೇಕು" ಎಂದು ಒಕ್ಕಲು ಸರಕಾರಕ್ಕೆ ಕೊಟ್ಟ ಅರ್ಜಿಗೆ ಇಲ್ಲಿ ಡಿಕ್ಲರೇಶನ್ ಎನ್ನುತ್ತಾರೆ. ಕಾಯಿದೆಯ ಭಾಷೆಯಲ್ಲಿ ಅದು 7ನೇ ನಮೂನೆ, ಊರ ಬಾಯಲ್ಲಿ ಫಾರಂ ಏಳು. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಹುಟ್ಟಿದ ಕಾಗದ ಅದು. "ಉಳುವವನೇ ಒಡೆಯ" ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವಲ್ಲ, ಅದೇ.

ಅದಕ್ಕಿಂತ ಮೊದಲು ಹೇಗಿತ್ತು ಅಂತ ಗೊತ್ತಿಲ್ಲದೆ ಈ ಪದ ಪೂರ್ತಿ ಅರ್ಥ ಆಗುವುದಿಲ್ಲ. ರಾಜ್ಯದಲ್ಲಿ ಗೇಣಿ ಪದ್ಧತಿ ಜಾಸ್ತಿ ಇದ್ದದ್ದು ದಕ್ಷಿಣ ಮತ್ತು ಉತ್ತರ ಕನ್ನಡದಲ್ಲಿ. ಆಗ ಉಡುಪಿಯೂ ದಕ್ಷಿಣ ಕನ್ನಡದ್ದೇ ಭಾಗ, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಗೇಣಿಯಲ್ಲಿ ಬಗೆಗಳಿದ್ದವು. ಮೂಲಗೇಣಿ ಇದ್ದವರಿಗೆ ಸ್ವಲ್ಪ ಧೈರ್ಯ: ತಲೆಮಾರಿನಿಂದ ತಲೆಮಾರಿಗೆ ನಡೆಯುತ್ತದೆ, ಗೇಣಿ ಏರಿಸುವ ಹಾಗಿಲ್ಲ. ವಾಯಿದೆ ಗೇಣಿ ಇಂತಿಷ್ಟು ವರ್ಷಕ್ಕೆ ಎಂದು. ಚಾಲಗೇಣಿಗೆ ಮಾತ್ರ ಏನೂ ಆಧಾರ ಇಲ್ಲ. ವರ್ಷ ವರ್ಷಕ್ಕೆ ಒಪ್ಪಂದ, ಧನಿಗಳು ಏಳು ಅಂದರೆ ಏಳಬೇಕು. ಹೆಚ್ಚಿನ ಬಡ ಒಕ್ಕಲುಗಳದ್ದು ಚಾಲಗೇಣಿ. ನಮ್ಮ ಅಜ್ಜನದ್ದೂ ಅದೇ.

ಗೇಣಿ ಕೊಡುತ್ತಿದ್ದದ್ದು ಅಕ್ಕಿ ಮುಡಿಯಲ್ಲಿ. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತಿ, ಬಡಿದು ಬಡಿದು ಗುಂಡಗೆ ಮಾಡುತ್ತಾರೆ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಏಣೆಲು, ಅಂದರೆ ಮಳೆಗಾಲದ ಬೆಳೆಯ, ಕೊಯ್ಲು ಮುಗಿದ ಮೇಲೆ ಅಜ್ಜ ಮುಡಿ ಹೊತ್ತುಕೊಂಡು ಬೈಲಿನ ಅಂಚಿನಲ್ಲಿ ನಡೆದು ಧನಿಗಳ ಅಂಗಳಕ್ಕೆ ಹೋಗುತ್ತಿದ್ದರು. ಅಜ್ಜಿ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ನಮ್ಮ ಮನೆಯಲ್ಲಿ ಅಳೆದಾಗ ಸರಿ ಇರ್ತಿತ್ತು ಮಗಾ, ಅಲ್ಲಿ ಅಳೆದರೆ ಎರಡು ಸೇರು ಕಮ್ಮಿ." ಮಳೆ ಕೈಕೊಟ್ಟ ವರ್ಷವೂ ಗೇಣಿ ಅಷ್ಟೇ. ಮನೆಯಲ್ಲಿ ಗಂಜಿಗೆ ಅಕ್ಕಿ ಉಳಿಯುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

1974ರ ಕಾಯಿದೆಯ ಬಲ ಒಂದು ಸಣ್ಣ ವಿಷಯದಲ್ಲಿದೆ. ಗೇಣಿಯ ಜಮೀನನ್ನು ಅದು ಧನಿಗಳಿಂದ ನೇರವಾಗಿ ಒಕ್ಕಲಿಗೆ ದಾಟಿಸಲಿಲ್ಲ. ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಎಲ್ಲಾ ಕೃಷಿ ಜಮೀನೂ ಸರಕಾರದ್ದು ಎಂದಿತು. ಅಲ್ಲಿಂದ ಅದನ್ನು ಯಾರಿಗೆ ಕೊಡುವುದು ಎಂದು ತೀರ್ಮಾನ ಮಾಡುವುದು ಭೂ ನ್ಯಾಯಮಂಡಳಿ, ಅಂದರೆ ಟ್ರಿಬ್ಯೂನಲ್. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಶುರುವಿಗೆ ವಕೀಲರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಆ ನಿರ್ಬಂಧ ಹೋದದ್ದು 1987ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅಜ್ಜನಂಥವರು, ಹೆಬ್ಬೆಟ್ಟು ಒತ್ತುವವರು, ಧನಿಗಳ ಎದುರೇ ನಿಂತು "ನಾನು ಉತ್ತದ್ದು" ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಅದುವರೆಗೆ ಆ ಮನೆಯ ಚಾವಡಿ ಹತ್ತಿರವೂ ಹೋಗದೆ ಅಂಗಳದಲ್ಲೇ ನಿಂತವರು. ನನಗೆ ಇಡೀ ಕಥೆಯಲ್ಲಿ ದೊಡ್ಡದು ಅನಿಸುವುದು ಆ ಕ್ಷಣ. ಜಾಗ ಸಿಕ್ಕಿದ್ದು ಅದಕ್ಕಿಂತ ಆಮೇಲೆ.

ಎಷ್ಟೋ ಜನ ಆ ಧೈರ್ಯ ಮಾಡಲಿಲ್ಲ. "ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು" ಎಂದು ಸುಮ್ಮನಾದರು. ಅರ್ಜಿ ಕೊಡುವ ಕೊನೆಯ ದಿನವನ್ನು ಮುಂದೂಡಿ ಮುಂದೂಡಿ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಕೊಡದವರ ಹಕ್ಕು ಅಲ್ಲಿಗೆ ತಪ್ಪಿತು. ಅಂಥವರಿಗೆ 1998ರಲ್ಲಿ 7ಎ ನಮೂನೆ ಎಂದು ಇನ್ನೊಂದು ಅವಕಾಶ ಬಂತು, ಆದರೆ ಅದಕ್ಕೆ ಷರತ್ತುಗಳು ಜಾಸ್ತಿ.

ಹೋದ ಮನೆಗಳ ನೋವನ್ನೂ ಹೇಳಬೇಕು. ಎಲ್ಲಾ ಧನಿಗಳೂ ನೂರಾರು ಮುಡಿ ಗೇಣಿ ಬರುವ ದೊಡ್ಡ ಜಮೀನುದಾರರಲ್ಲ. ಎರಡು ಗದ್ದೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ದಿನ ತೆಗೆಯುತ್ತಿದ್ದ ವಿಧವೆಯರಿದ್ದರು, ಅರ್ಚಕರ ಮನೆಗಳಿದ್ದವು. ದೇವಸ್ಥಾನಗಳ ಉಂಬಳಿ ಜಮೀನೂ ಹೋಯಿತು. ಅದಕ್ಕೆ ಬದಲಾಗಿ ವರ್ಷಕ್ಕೆ ಇಷ್ಟು ಎಂದು ಸರಕಾರ ಕೊಡುವ ಹಣಕ್ಕೆ ತಸ್ತೀಕು ಎನ್ನುತ್ತಾರೆ. ಎಷ್ಟೋ ಸಣ್ಣ ದೇವಸ್ಥಾನಗಳಿಗೆ ಆ ಹಣ ದೀಪದ ಎಣ್ಣೆಗೂ ಸಾಲದು.

ಆದರೆ ಬರೇ ಕೈಯಲ್ಲಿ ಉಳಿದವರು ಬೇರೆಯೇ. ಮಳೆಯಲ್ಲಿ ಕೋಣ ಹಿಡಿದು ಉತ್ತವರು, ನೇಜಿ ನೆಟ್ಟವರು, ಕೂಲಿಯಾಗಿ ಭತ್ತ ತೆಗೆದುಕೊಂಡು ಹೋಗುತ್ತಿದ್ದ ದಲಿತ ಮತ್ತು ಕೊರಗ ಕುಟುಂಬಗಳು. ಅವರ ಹೆಸರಲ್ಲಿ ಗೇಣಿ ಚೀಟಿಯೇ ಇರಲಿಲ್ಲ. ಕಾಯಿದೆಯ ಪ್ರಕಾರ ಕೂಲಿಯವನು ಗೇಣಿದಾರನಲ್ಲ. ಅವರಿಗೆ ಇದ್ದ ಅವಕಾಶ ವಾಸದ ಮನೆ, ಅದರ ಅಡಿಸ್ಥಳ, ಅಷ್ಟೇ. ನಮ್ಮ ಅಜ್ಜನ ಗದ್ದೆಯಲ್ಲೂ ಅಂಥ ಇಬ್ಬರು ದುಡಿದಿದ್ದರು. ಅಜ್ಜನ ಅರ್ಜಿಯಲ್ಲಿ ಅವರ ಹೆಸರಿಲ್ಲ. ನಿಜ ಹೇಳಬೇಕೆಂದರೆ "ಗೇಣಿದಾರನೇ ಒಡೆಯ" ಎಂದು ಕರೆದಿದ್ದರೆ ಸರಿಯಾಗುತ್ತಿತ್ತು.

ಐವತ್ತು ವರ್ಷದ ಹಿಂದಿನ ಈ ಪದ ಇವತ್ತು ಯಾಕೆ ಬೇಕು? ಮನೆ ಕಟ್ಟಲು ಬ್ಯಾಂಕಿಗೆ ಸಾಲ ಕೇಳಿ, ಗೊತ್ತಾಗುತ್ತದೆ. ಜಾಗದ ಮೂಲ ಯಾವುದು ಎಂದು ವಕೀಲರು ಕೇಳುತ್ತಾರೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಸಾಗುವಳಿದಾರರ ಹೆಸರು. ಹಳೆಯ ಪಹಣಿ ತೆಗೆಸಿದರೆ ಎರಡರಲ್ಲೂ ಬೇರೆ ಬೇರೆ ಮನೆತನ ಕಾಣುತ್ತದೆ. ಟ್ರಿಬ್ಯೂನಲ್ ಆದೇಶ ಬೇಕು, ಹಕ್ಕುಪತ್ರ, ಅಂದರೆ ಫಾರಂ 10, ಬೇಕು. ಆದೇಶ ಆದ ಮೇಲೆ 15 ವರ್ಷ ಮಾರುವ ಹಾಗಿರಲಿಲ್ಲ. ಅದರ ಒಳಗೆ ಕೈಬದಲಾದ ಜಾಗ ಇವತ್ತಿಗೂ ತಕರಾರು.

ಇನ್ನೊಂದು ತೊಂದರೆ ಕುಟುಂಬದ ಒಳಗಿನದ್ದು. ಅರ್ಜಿ ಕೊಟ್ಟದ್ದು ಯಜಮಾನನೊಬ್ಬನ ಹೆಸರಲ್ಲಿ. ಗೇಯ್ದದ್ದು ಇಡೀ ಮನೆ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಮನೆಯಾದರೆ ಅಕ್ಕತಂಗಿಯರ ಮಕ್ಕಳೆಲ್ಲ ಸೇರಿದ ದೊಡ್ಡ ಕುಟುಂಬ. ಹಕ್ಕುಪತ್ರದಲ್ಲಿ ಒಂದೇ ಹೆಸರು ಇರುವಾಗ ಪಾಲು ಯಾರ್ಯಾರಿಗೆ? ಮಂಗಳೂರು, ಉಡುಪಿ ಕೋರ್ಟುಗಳಲ್ಲಿ ಪಾಲಿನ ನಂಬ್ರ, ಅಂದರೆ ದಾವೆ, ಹಾಕಿದವರನ್ನು ಕೇಳಿದರೆ ಈ ಪದ ಕೇಳದೆ ಇರಲಾರಿರಿ. 2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಡಿಕ್ಲರೇಶನ್‌ನಲ್ಲಿ ಬಂದ ಗದ್ದೆಗಳು ಸೈಟುಗಳಾಗುವಾಗ ಆ ಹಳೆಯ ಕಾಗದ ಮತ್ತೆ ಮೇಜಿನ ಮೇಲೆ ಬರುತ್ತಿದೆ.

ನಮ್ಮ ಮನೆಯ ಪಾಲು ಆಗುವಾಗ ಅಜ್ಜನ ಗೇಣಿಯ ಹಳೆಯ ಆಧಾರ ಬೇಕಾಯಿತು. ನಮ್ಮಲ್ಲಿ ಇದ್ದ ಎರಡು ರಶೀದಿ ಗೆದ್ದಲು ಹಿಡಿದಿತ್ತು. ಕೊನೆಗೆ ನಾನು ಧನಿಗಳ ಮನೆಗೇ ಹೋದೆ. ಈಗ ಅಲ್ಲಿರುವುದು ಅವರ ಮೊಮ್ಮಗಳು, ನನಗಿಂತ ಹತ್ತು ವರ್ಷ ದೊಡ್ಡವರು. ಅಕ್ಕ ಎಂದೇ ಕರೆಯುವುದು. ಚಾವಡಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಉಪ್ಪರಿಗೆಯಿಂದ ಗೇಣಿ ಲೆಕ್ಕದ ಪುಸ್ತಕ ತಂದು ಬಟ್ಟೆಯಲ್ಲಿ ಧೂಳು ಒರೆಸಿದರು. ಅಜ್ಜನ ಹೆಸರು, ಎದುರಿಗೆ ವರ್ಷ, ಮುಡಿ, ಬಾಕಿ.

"ಇದರಲ್ಲಿ ಎರಡು ಸೇರು ಬಾಕಿ ಅಂತ ಎಲ್ಲಾ ವರ್ಷವೂ ಬರೆದಿದ್ದಾರೆ, ಯಾಕೆ?" ಎಂದು ಅಕ್ಕನೇ ಕೇಳಿದರು.

ಅಜ್ಜಿಯ ಮಾತು ಹೇಳಿದೆ. ಅವರು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. ಆಮೇಲೆ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಫೋಟೋ ತೆಗಿ" ಎಂದರು.