ಗಾಡಿಗೆ ಇನ್ಸೂರೆನ್ಸ್ ಇದೆ, ಹುಡುಗನಿಗೆ?

ಕೋವಿಡ್ ಗಲಾಟೆ ತಣ್ಣಗಾದ ಹೊಸತು. ಹುಬ್ಬಳ್ಳಿ ಕಡೆ ನಾಲ್ಕು ಲಾರಿ ಓಡಿಸುವ ಮಾಲೀಕರೊಬ್ಬರು ನನ್ನ ಆಫೀಸಿಗೆ ಬಂದು ಒಂದು ಸ್ಟಾಂಪ್ ಪೇಪರ್ ಮೇಜಿನ ಮೇಲಿಟ್ಟರು. ಅವರ ಕ್ಲೀನರ್ ಹುಡುಗನಿಗೆ 20 ವರ್ಷ. ಯಾರ್ಡಿನಲ್ಲಿ ನಿಂತಿದ್ದ ಲಾರಿ ಮೇಲೆ ಹತ್ತಿ ತಾಡಪತ್ರಿ ಕಟ್ಟುವಾಗ ಹಗ್ಗ ಹರಿದು ಕೆಳಗೆ ಬಿದ್ದ. ಮೂರನೇ ದಿನ ತೀರಿಕೊಂಡ. ಊರ ಹಿರಿಯರು ಕೂತು 3 ಲಕ್ಷಕ್ಕೆ ಮಾತು ಮುಗಿಸಿ, ‘ಇನ್ನೇನೂ ಕೇಳುವುದಿಲ್ಲ’ ಅಂತ ಹುಡುಗನ ಅಪ್ಪನಿಂದ ಸಹಿ ಹಾಕಿಸಿದ್ದರು. ಆರು ತಿಂಗಳಾದ ಮೇಲೆ ಪರಿಹಾರದ ಕೇಸಿನ ನೋಟಿಸು ಬಂತು.

‘ದುಡ್ಡು ಕೊಟ್ಟಾಗಿದೆಯಲ್ಲ ಸಾರ್. ಗಾಡಿಗೆ ಇನ್ಸೂರೆನ್ಸೂ ಇದೆ.’

ಎರಡೂ ನಿಜ. ಎರಡೂ ಅವರ ಕೈ ಹಿಡಿಯುವುದು ಕಷ್ಟವಿತ್ತು.

ಮೊದಲು ಆ 3 ಲಕ್ಷದ ಮಾತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 8ನೇ ಸೆಕ್ಷನ್ ಖಡಾಖಂಡಿತವಾಗಿತ್ತು. ಕೆಲಸದವನು ಸತ್ತರೆ ಪರಿಹಾರವನ್ನು ಈ ಕೇಸುಗಳನ್ನು ನೋಡುವ ನೌಕರರ ಪರಿಹಾರ ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟಿದ್ದು ಪರಿಹಾರವೇ ಅಲ್ಲ. ಮೂರು ತಿಂಗಳ ಸಂಬಳದವರೆಗಿನ ಮುಂಗಡ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ರಾಜಿ ಪಂಚಾಯ್ತಿ ಮಾಡುವವರಿಗೆ ಇದೊಂದು ಗೊತ್ತಿದ್ದರೆ ಎಷ್ಟೋ ಜನ ಎರಡೆರಡು ಸಲ ದುಡ್ಡು ಕೊಡುವುದು ತಪ್ಪುತ್ತಿತ್ತು. ಇನ್ನೊಂದು ಕಡೆಯಿಂದ ನೋಡಿದರೆ, ಹಿರಿಯರ ಮುಂದೆ ಅಷ್ಟಕ್ಕೇ ಒಪ್ಪಿಕೊಂಡ ಬಡ ಅಪ್ಪನಿಗೆ ಈ ಸೆಕ್ಷನ್ನೇ ಬೆನ್ನಿಗೆ ನಿಂತಿದ್ದು. ನನಗೇನೂ ಅದರ ಮೇಲೆ ಸಿಟ್ಟಿಲ್ಲ.

ಹಾಗಾದರೆ ಕೊಡಬೇಕಾದದ್ದೆಷ್ಟು? ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿನ ಗುಣಕದಿಂದ (ಆಯಾ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆ) ಗುಣಿಸಬೇಕು. 2020ರ ಜನವರಿಯಿಂದ ಈ ಲೆಕ್ಕಕ್ಕೆ ಸಂಬಳದ ಮಿತಿ 15,000. 20 ವರ್ಷಕ್ಕೆ ಗುಣಕ 224. ಅಂದರೆ ಸಂಬಳ ಆ ಮಿತಿ ಮುಟ್ಟಿದ್ದರೆ ಅದರ ಅರ್ಧ 7,500 ಇಂಟು 224, ಒಟ್ಟು 16,80,000. 40 ವರ್ಷದ ಡ್ರೈವರ್ ಆಗಿದ್ದರೆ ಗುಣಕ 184.17, ಮೊತ್ತ 13,81,275. ಕ್ಲೀನರ್ ಅಂದರೆ ಚಿಕ್ಕ ಲೆಕ್ಕ ಅಂದುಕೊಳ್ಳುತ್ತಾರೆ. ಕಾಯ್ದೆಯಲ್ಲಿ ವಯಸ್ಸು ಚಿಕ್ಕದಾದಷ್ಟೂ ಮೊತ್ತ ದೊಡ್ಡದು.

ಈ ಮಾಲೀಕರು ಹುಡುಗನ ಸಂಬಳ 9,000 ಎಂದರು. ಉಳಿದದ್ದು ಬಾಟಾ, ಅಂದರೆ ದಾರಿ ಖರ್ಚಿನ ದುಡ್ಡು. ಹಾಜರಿ ಪುಸ್ತಕ ಇಲ್ಲ, ಬ್ಯಾಂಕಿಗೆ ಹಾಕಿದ್ದೂ ಇಲ್ಲ. ಪ್ರಯಾಣ ಭತ್ಯೆ ಸಂಬಳವಲ್ಲ ಅಂತ ಕಾಯ್ದೆ ಹೇಳುತ್ತದೆ ನಿಜ. ಆದರೆ ಬಾಟಾ ಭತ್ಯೆಯೋ ಸಂಬಳವೋ ಅನ್ನುವ ಜಗಳ ಕಾಗದ ಇಲ್ಲದವನು ಗೆಲ್ಲುವುದು ಅಪರೂಪ. ಸಾಲದ್ದಕ್ಕೆ, ಒಂದು ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ 50% ತನಕ ದಂಡ. ಬಡ್ಡಿಯನ್ನು ವಿಮಾ ಕಂಪನಿ ಕೊಡಬೇಕು, ದಂಡ ಮಾಲೀಕನ ತಲೆಗೇ ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ.

ಇನ್ನು ಗಾಡಿಯ ಇನ್ಸೂರೆನ್ಸ್. ಮೋಟಾರು ವಾಹನ ಕಾಯ್ದೆಯಲ್ಲಿ ಆಗಿದ್ದ 147ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ಪಾಲಿಸಿಯಲ್ಲೇ ಗಾಡಿ ಓಡಿಸುವ ಡ್ರೈವರ್ ಬರುತ್ತಿದ್ದ. ಸರಕು ಗಾಡಿಯಲ್ಲಿ ‘ಹೋಗುತ್ತಿರುವ’ ಕೆಲಸದವನೂ ಬರುತ್ತಿದ್ದ. ತಂಟೆ ಇದ್ದದ್ದು ಆ ‘ಹೋಗುತ್ತಿರುವ’ ಎಂಬ ಮಾತಿನಲ್ಲಿ. ನಿಂತ ಲಾರಿ ಮೇಲಿಂದ ಬಿದ್ದವನು ಗಾಡಿಯಲ್ಲಿ ಹೋಗುತ್ತಿದ್ದನಾ? ಕಂಪನಿ ಅದನ್ನೇ ಹಿಡಿದು ಜಗ್ಗಿತು. ಡ್ರೈವರ್, ಕ್ಲೀನರ್ ಹೊಣೆಗಾರಿಕೆಗೆ ತಲೆಗೆ 50 ರೂಪಾಯಿ ಹೆಚ್ಚುವರಿ ಪ್ರೀಮಿಯಂ ಅಂತ ಒಂದಿದೆ. ಪಾಲಿಸಿಯಲ್ಲಿ ಡ್ರೈವರ್‌ಗೆ ಮಾತ್ರ ಕಟ್ಟಿದ್ದರು, ಕ್ಲೀನರ್ ಹೆಸರಿನ ಮುಂದೆ ಸೊನ್ನೆ. ಏಜೆಂಟ್ ಕೇಳಲಿಲ್ಲ, ಇವರು ಓದಲಿಲ್ಲ.

ಗೋದಾಮಿನಲ್ಲಿ ಮೂಟೆ ಹೊರುವ ಹಮಾಲಿ, ಶೆಡ್ಡಿನ ಮೆಕ್ಯಾನಿಕ್, ಇವರ ಸುದ್ದಿಗೆ ಲಾರಿ ಪಾಲಿಸಿ ಬರುವುದೇ ಇಲ್ಲ ಅನ್ನಿ. ಅವರಿಗೆ ಬೇರೆಯದೇ ನೌಕರರ ಪರಿಹಾರ ಪಾಲಿಸಿ ಬೇಕು. ನೀವು ಘೋಷಿಸಿದ ಒಟ್ಟು ಸಂಬಳ ಮತ್ತು ಕೆಲಸದ ಅಪಾಯದ ಮೇಲೆ ಅದರ ಪ್ರೀಮಿಯಂ. ಇಬ್ಬರನ್ನು ತೋರಿಸಿ ಆರು ಜನರನ್ನು ದುಡಿಸಿದರೆ ಕ್ಲೇಮಿನ ದಿನ ಸಿಕ್ಕಿಬೀಳುತ್ತೀರಿ. ಆಸ್ಪತ್ರೆ ಖರ್ಚನ್ನೂ ಮಾಲೀಕನೇ ಕೊಡಬೇಕೆಂದು 2009ರ ತಿದ್ದುಪಡಿ ಸೇರಿಸಿದೆ. ಪಾಲಿಸಿಯಲ್ಲಿ ಅದು ಸಾಮಾನ್ಯವಾಗಿ ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾದ ಭಾಗ. ಕೇಳಿ.

ಅಪಘಾತ ಅಂದರೆ ಗುದ್ದಾಟವೇ ಆಗಬೇಕಿಲ್ಲ. ದೆಹಲಿಯಿಂದ ಜಾರ್ಖಂಡ್ ಕಡೆಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿದ ಡ್ರೈವರೊಬ್ಬರು ಸುಸ್ತಾಗಿ ಗಾಡಿ ಬದಿಗೆ ನಿಲ್ಲಿಸಿ ತೀರಿಕೊಂಡಿದ್ದರು. ಅವರ ಮನೆಯವರಿಗೆ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಂತ ಎಲ್ಲ ಹೃದಯಾಘಾತವೂ ಕೆಲಸದ ಲೆಕ್ಕಕ್ಕೆ ಬರಲ್ಲ. ಕೆಲಸದ ಒತ್ತಡಕ್ಕೂ ಸಾವಿಗೂ ನಂಟು ತೋರಿಸಬೇಕು. ಟ್ರಿಪ್ ಶೀಟ್, ಟೋಲ್ ರಸೀದಿ ಅಲ್ಲಿ ಮಾತಾಡುತ್ತವೆ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಲೆಕ್ಕದ ಸೂತ್ರ, ಠೇವಣಿಯ ನಿಯಮ ಹೆಚ್ಚು ಕಮ್ಮಿ ಅವೇ.

ಆ ಮಾಲೀಕರು ಒಂದು ಲಾರಿ ಮಾರಿ ದುಡ್ಡು ಕಟ್ಟಿದರು. ಈಗ ಒಂದು ಗಾಡಿಯನ್ನು ತಾವೇ ಓಡಿಸುತ್ತಾರೆ. ಮೊನ್ನೆ ರಿನ್ಯೂವಲ್‌ಗೆ ಬಂದಾಗ, ‘ನೀವು ಯಾರ ನೌಕರರೂ ಅಲ್ಲ, ಈ ಪರಿಹಾರ ನಿಮಗೆ ಬರಲ್ಲ, ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಹಾಕಿಸಿ’ ಎಂದೆ. ಅದಕ್ಕೆ ಆರ್‌ಸಿ ಅವರ ಹೆಸರಿನಲ್ಲಿರಬೇಕು, ಡಿಎಲ್ ಚಾಲ್ತಿಯಲ್ಲಿರಬೇಕು. ಡಿಎಲ್ ಎಲ್ಲಿ ಅಂತ ಕೇಳಿದೆ. ಮನೆಯಲ್ಲಿದೆ, ತಾರೀಕು ನೋಡಿ ಫೋನ್ ಮಾಡುತ್ತೇನೆ ಎಂದರು.