ಬಟ್ಟೆ ಯಾವುದು ಹೇಳಿ, ಆಮೇಲೆ ಪ್ರಿಂಟ್ ಮಾತು

ಅಕ್ಟೋಬರ್ ಬಂತೆಂದರೆ ನಮ್ಮ ಪ್ರಿಂಟಿಂಗ್ ಲೈನಿನಲ್ಲಿ ಫೋನಿಗೆ ಬಿಡುವಿಲ್ಲ. ರಾಜ್ಯೋತ್ಸವಕ್ಕೆ ಟೀ ಶರ್ಟ್, ದೀಪಾವಳಿ ಗಿಫ್ಟಿಗೆ ಬಾಟಲಿ, ಹೊಸ ವರ್ಷಕ್ಕೆ ಡೈರಿ, ಪೆನ್ನು. ಎಲ್ಲರೂ ಮೊದಲು ಕೇಳುವುದು ಪೀಸಿಗೆ ಎಷ್ಟಾಗುತ್ತೆ ಅಂತ. ಆಮೇಲೆ, "ಸ್ಕ್ರೀನ್ ಪ್ರಿಂಟಾ, ಡಿಟಿಎಫ್ಫಾ?" ಅಂತ. ನಾನು ತಿರುಗಿ ಕೇಳುವುದು ಒಂದೇ: ವಸ್ತು ಯಾವುದರಲ್ಲಿ ಮಾಡಿದ್ದು? ಮುಕ್ಕಾಲು ಪಾಲು ಉತ್ತರ ಅದರಲ್ಲೇ ಇರುತ್ತದೆ. ಅಂಗಡಿಯವರನ್ನು ಕೇಳಿದರೆ ತಮ್ಮ ಹತ್ತಿರ ಯಾವ ಮಷೀನ್ ಇದೆಯೋ ಅದನ್ನೇ ಹೊಗಳುತ್ತಾರೆ. ನಾನೂ ಅದಕ್ಕೆ ಹೊರತಲ್ಲ ಅಂದುಕೊಂಡೇ ಮುಂದೆ ಓದಿ.

ಹಳದಿ ಕಾಟನ್ ಟೀ ಶರ್ಟ್, ಕೆಂಪು ಅಕ್ಷರ, ಇನ್ನೂರು ಪೀಸ್. ಇದಕ್ಕೆ ಸ್ಕ್ರೀನ್ ಪ್ರಿಂಟೇ ಸರಿ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅಂದರೆ ಇಂಕು ಹಾಯುವ ಜಾಲರಿಯ ಅಚ್ಚು, ಮಾಡಬೇಕು. ಆ ಖರ್ಚು ಹತ್ತು ಪೀಸಿಗೂ ಅಷ್ಟೇ, ಸಾವಿರ ಪೀಸಿಗೂ ಅಷ್ಟೇ. ಅದಕ್ಕೇ ಪೀಸ್ ಜಾಸ್ತಿಯಾದಷ್ಟೂ ಅಗ್ಗ. ಹದಿನೈದೇ ಪೀಸ್, ಮೇಲೊಂದು ಕಲರ್ ಫೋಟೋ ಬೇಕು ಅನ್ನುವವರಿಗೆ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್). ಫಿಲ್ಮ್ ಮೇಲೆ ಪ್ರಿಂಟ್ ಹಾಕಿ, ಅಂಟಿನ ಪುಡಿ ಉದುರಿಸಿ ಕರಗಿಸಿ, ಸುಮಾರು 150 ಡಿಗ್ರಿ ಬಿಸಿಯಲ್ಲಿ ಬಟ್ಟೆಗೆ ಒತ್ತುತ್ತಾರೆ. ಕಾಟನ್, ಪಾಲಿಯೆಸ್ಟರ್, ಕಪ್ಪು, ಬಿಳಿ ಎಲ್ಲಕ್ಕೂ ನಡೆಯುತ್ತದೆ. ಆದರೆ ಎದೆಯ ತುಂಬಾ ದೊಡ್ಡ ಪಟ್ಟಿ ಹಾಕಿಸಿದರೆ ಅಲ್ಲಿ ಗಾಳಿಯಾಡುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೈಕ್ ರ‍್ಯಾಲಿಗೆ ಹೊರಟವರನ್ನು ಕೇಳಿ, ಹೇಳುತ್ತಾರೆ.

ಜಾಸ್ತಿ ಕಿರಿಕಿರಿ ಇರುವುದು ಪಾಲಿಯೆಸ್ಟರ್‌ನಲ್ಲಿ. ಈಗ ಎಲ್ಲರಿಗೂ ಡ್ರೈಫಿಟ್, ಅಂದರೆ ಬೆವರು ಬೇಗ ಆರುವ ಪಾಲಿಯೆಸ್ಟರ್ ಬಟ್ಟೆ, ಬೇಕು, ಅಲ್ವಾ? ಬಿಳಿ ಡ್ರೈಫಿಟ್ ಆದರೆ ಸಬ್ಲಿಮೇಷನ್ ಮಾಡಿಸಿ. 200 ಡಿಗ್ರಿ ಹತ್ತಿರದ ಬಿಸಿಗೆ ಇಂಕು ಆವಿಯಾಗಿ ನೂಲಿನೊಳಗೇ ಸೇರಿಕೊಳ್ಳುತ್ತದೆ. ಕೈಗೆ ತಟ್ಟುವುದಿಲ್ಲ, ಬಿರುಕು ಬಿಡುವುದಿಲ್ಲ. ಇದರಲ್ಲಿ ಬಿಳಿ ಇಂಕು ಅಂತ ಇಲ್ಲ. ಹಳದಿ ಬಟ್ಟೆಗೆ ನೀಲಿ ಹಾಕಿದರೆ ಹಸಿರಾಗುತ್ತದೆ, ಕೆಂಪು ಬಟ್ಟೆಗೆ ಕಪ್ಪು ಬಿಟ್ಟು ಬೇರೆ ಏನು ಹಾಕಿದರೂ ಸರಿಯಾಗಿ ಕಾಣುವುದಿಲ್ಲ.

ಹಾಗಾಗಿ ಕೆಂಪು ಡ್ರೈಫಿಟ್ ಮೇಲೆ ಬಿಳಿ ಅಕ್ಷರ ಬೇಕೆಂದರೆ ಸ್ಕ್ರೀನ್ ಅಥವಾ ಡಿಟಿಎಫ್‌ಗೆ ಹೋಗುತ್ತೀರಿ. ಗ್ರಹಚಾರ ಶುರುವಾಗುವುದು ಇಲ್ಲೇ. ಒತ್ತುವಾಗಿನ, ಇಂಕು ಒಣಗಿಸುವಾಗಿನ ಬಿಸಿಗೆ ಬಟ್ಟೆಯ ಕೆಂಪು ಬಣ್ಣವೂ ಆವಿಯಾಗಿ ಮೇಲಕ್ಕೆ ಏಳುತ್ತದೆ, ಬಿಳಿ ಇಂಕಿನೊಳಗೆ ಇಳಿಯುತ್ತದೆ. ಡೆಲಿವರಿ ದಿನ ಹಾಲಿನಂತೆ ಇದ್ದ 'ಕರ್ನಾಟಕ' ನಾಲ್ಕು ದಿನ ಬಾಕ್ಸಿನಲ್ಲಿ ಕೂತು ನವೆಂಬರ್ 1ರ ಬೆಳಿಗ್ಗೆ ಗುಲಾಬಿಯಾಗಿರುತ್ತದೆ. ಕೆಂಪು, ಮರೂನ್ ಬಟ್ಟೆಗಳಲ್ಲಿ ಇದು ಮಾಮೂಲಿ. ಬಟ್ಟೆಯ ಬಣ್ಣ ಮೇಲೆ ಬರದಂತೆ ತಡೆಯುವ ಬೇಸ್ (ಅಡಿಪದರ) ಹಾಕುತ್ತೀರಾ, ಕಡಿಮೆ ಬಿಸಿಯಲ್ಲಿ ಒಣಗುವ ಇಂಕು ಇದೆಯಾ ಎಂದು ಮೊದಲೇ ಕೇಳಿ. ಸ್ಯಾಂಪಲ್ ಬಂದ ದಿನವೇ ಓಕೆ ಅನ್ನಬೇಡಿ. ಒಂದು ವಾರ ಇಟ್ಟು ನೋಡಿ.

ಕಾಲರ್ ಟೀ ಶರ್ಟ್, ಕ್ಯಾಪ್‌ಗೆ ಎಂಬ್ರಾಯ್ಡರಿ ಚೆಂದ. ರೇಟು ಹೊಲಿಗೆಗಳ ಲೆಕ್ಕದಲ್ಲಿ, ಬಣ್ಣದ ಲೆಕ್ಕದಲ್ಲಿ ಅಲ್ಲ. ತೆಳು ಟೀ ಶರ್ಟಿಗೆ ಬೇಡ, ಸುತ್ತ ಸುಕ್ಕು ಬರುತ್ತದೆ. ಕನ್ನಡದಲ್ಲಿ ಹೆಸರು ಹಾಕಿಸುವವರು ಒಂದು ಮಾತು ನೆನಪಿಡಿ. ನೂಲೇ ಸುಮಾರು 0.4 ಮಿಲಿಮೀಟರ್ ದಪ್ಪ. ಇಂಗ್ಲಿಷಿನ ದೊಡ್ಡಕ್ಷರ 5 ಮಿಲಿಮೀಟರ್‌ನಲ್ಲೂ ಓದಲು ಬರುತ್ತದೆ. ಅದೇ ಎತ್ತರಕ್ಕೆ ಕನ್ನಡ ಹಾಕಿದರೆ 'ಬೆಂಗಳೂರು'ವಿನ ಸೊನ್ನೆ ಬರೀ ಚುಕ್ಕಿಯಾಗುತ್ತದೆ, ಒತ್ತಕ್ಷರವೆಲ್ಲ ಗಂಟು. ನಾನಂತೂ 10 ಮಿಲಿಮೀಟರ್‌ಗಿಂತ ಕಡಿಮೆ ಒಪ್ಪುವುದಿಲ್ಲ. ಜಾಗ ಸಾಲದಿದ್ದರೆ ಅಡಿಬರಹ ಬಿಟ್ಟುಬಿಡಿ.

ಫೈಲಿನ ವಿಷಯವೂ ಇಲ್ಲೇ ಬರಲಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕನ್ನಡ ಟೈಪ್ ಮಾಡಿ, ಡಿಸೈನಿನ ಕೋರಲ್ ಡ್ರಾ ಫೈಲ್ ಹಾಗೇ ಕಳಿಸುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕೆಲಸ ತಮಿಳುನಾಡಿನ ತಿರುಪ್ಪೂರಿಗೆ ಹೋಗಿದ್ದರೆ, ಕನ್ನಡ ಬಾರದವರು ಅದನ್ನೇ ಡಿಸೈನ್ ಅಂದುಕೊಂಡು ಪ್ರಿಂಟ್ ಹಾಕಿಬಿಡಬಹುದು. ಕರ್ವ್ಸ್‌ಗೆ (ಅಕ್ಷರಗಳನ್ನು ಫಾಂಟ್ ಬೇಡದ ಆಕಾರಗಳಾಗಿ) ಬದಲಾಯಿಸಿ, ಜೊತೆಗೊಂದು ಪಿಡಿಎಫ್ ಇಟ್ಟು ಕಳಿಸಿ. ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಲೋಗೋ ಯಾವ ಮಷೀನಿಗೂ ಒಳ್ಳೆಯದಲ್ಲ.

ಬಣ್ಣದ ಕೋಟಿಂಗ್ ಇರುವ ಸ್ಟೀಲ್ ಬಾಟಲಿಗೆ ಲೇಸರ್ ಬಿಟ್ಟು ಬೇರೆ ಹೇಳಲಾರೆ. ಕೋಟಿಂಗ್ ಸುಟ್ಟು ಒಳಗಿನ ಸ್ಟೀಲ್ ಕಾಣಿಸುತ್ತದೆ. ಇಂಕೇ ಇಲ್ಲ, ಇನ್ನು ಅಳಿಸಿಹೋಗುವುದೇನು? ಲೋಗೋ ಒಂದೇ ಬಣ್ಣದಲ್ಲಿ ಬರುತ್ತದೆ, ಅಷ್ಟೇ. ಕಲರ್ ಬೇಕೇ ಬೇಕು ಅಂದರೆ ಯುವಿ ಪ್ರಿಂಟ್ ಇದೆ, ಅತಿನೇರಳೆ ಬೆಳಕಿನಲ್ಲಿ ಇಂಕು ಗಟ್ಟಿ ಮಾಡುವುದು. ಬ್ಯಾಗಿನಲ್ಲಿ ಬೀಗದ ಕೈ ಜೊತೆ ಹಾಕಿದರೆ ಗೀರು ಬೀಳಬಹುದು. ಸಬ್ಲಿಮೇಷನ್ ಮಗ್‌ಗೆ ಮೇಲೊಂದು ಕೋಟಿಂಗ್ ಇರಬೇಕು. ಪಾತ್ರೆ ಅಂಗಡಿಯ ಮಾಮೂಲಿ ಮಗ್ ತಂದುಕೊಟ್ಟರೆ ಆಗುವುದಿಲ್ಲ. ಪ್ಲಾಸ್ಟಿಕ್ ಪೆನ್ನಿಗೆ ಪ್ಯಾಡ್ ಪ್ರಿಂಟ್, ಅಂದರೆ ಮೆತ್ತನೆಯ ಪ್ಯಾಡಿನಿಂದ ಇಂಕು ಒತ್ತುವುದು, ಸಾಕು. ನಾನ್ ವೋವನ್ ಚೀಲ ಪಾಲಿಪ್ರೊಪಿಲೀನ್, ಹೆಚ್ಚು ಬಿಸಿ ತಗುಲಿದರೆ ಕರಗುತ್ತದೆ, ಅದಕ್ಕೆ ಸ್ಕ್ರೀನೇ ಸರಿ.

ಡೈರಿಯ ವಿಷಯದಲ್ಲಿ ಮಾತ್ರ ಹುಷಾರು. ಲೆದರ್ ಅಂತ ಮಾರುವುದು ಎಷ್ಟೋ ಸಲ ಪಿವಿಸಿ ರೆಕ್ಸಿನ್. ಅದಕ್ಕೆ ಲೇಸರ್ ಹೊಡೆದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕೆಲಸದ ಹುಡುಗರ ಗಂಟಲು ಉರಿಯುತ್ತದೆ, ಮಷೀನೂ ತುಕ್ಕು ಹಿಡಿಯುತ್ತದೆ. ಪಿವಿಸಿಗೆ ಅಚ್ಚು ಬಿಸಿ ಮಾಡಿ ಒತ್ತಿಸಿ, ಇಲ್ಲವೇ ಚಿನ್ನದ ಬಣ್ಣದ ಫಾಯಿಲ್ ಹಾಕಿಸಿ. ಪಿಯು (ಪಾಲಿಯುರೆಥೇನ್‌ನ ಕೃತಕ ಲೆದರ್) ಆದರೆ ಲೇಸರ್ ನಡೆಯುತ್ತದೆ. ಯಾವುದು ಎಂದು ಡೈರಿ ಮಾರುವವರನ್ನೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.